ಗಾಯ ಇರುವುದು ಚಿತ್ರದ ಮೈಮೇಲೆ

(ಚಿತ್ರಕಲೆ ಮತ್ತು ಮಾನಸಿಕ ಆಘಾತದ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾನಸಿಕ ಆಘಾತ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವ ಚಿತ್ರಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬಿರುಕು ಬಿಟ್ಟ ತಲೆ. ಅದರೊಳಗಿಂದ ಏಳುವ ಕಪ್ಪು ಹೊಗೆ. ಮೂಲೆಯಲ್ಲಿ ಮಂಡಿಗೆ ತಲೆ ಕೊಟ್ಟು ಕೂತ ಹುಡುಗಿ. ಮನೋರೋಗದ ಬಗ್ಗೆ ಎಲ್ಲಿ ಲೇಖನ ಬಂದರೂ ಪಕ್ಕದಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ. ತಪ್ಪೇನಿಲ್ಲ. ಆದರೆ ಇವು ರಸ್ತೆ ಬದಿಯ ಫಲಕ ಇದ್ದ ಹಾಗೆ. ಮುಂದೆ ತಿರುವಿದೆ ಅನ್ನುತ್ತವೆ, ತಿರುವು ಹೇಗಿದೆ ಅಂತ ಹೇಳುವುದಿಲ್ಲ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ಮಾತು. ಆಘಾತದ ಚಿತ್ರದ ಮುಂದೆ ನಿಂತಾಗ ‘ಇಲ್ಲಿ ಏನು ನಡೆಯುತ್ತಿದೆ’ ಅಂತ ನಾವು ಮೊದಲು ಕೇಳುತ್ತೇವೆ. ಅದರ ಜೊತೆಗೆ ‘ಈ ಚಿತ್ರದ ಮೈಗೆ ಏನಾಗಿದೆ’ ಅಂತಲೂ ಕೇಳಿ ನೋಡಿ. ಹಾಳೆ ಹರಿದಿದೆಯಾ, ಬಣ್ಣ ಕೆರೆದಿದ್ದಾರಾ, ಯಾವ ಜಾಗ ಖಾಲಿ ಬಿಟ್ಟಿದ್ದಾರೆ, ಅದೇ ಚಿತ್ರವನ್ನು ಎಷ್ಟು ಸಲ ಬರೆದಿದ್ದಾರೆ. ಬಹಳಷ್ಟು ಸಲ ಉತ್ತರ ಅಲ್ಲೇ ಸಿಗುತ್ತದೆ.

ಯಾಕೆ ಹೀಗೆ? ಆಘಾತ ಅಂದರೆ ಏನು ಅಂತ ಸ್ವಲ್ಪ ನೋಡಬೇಕು. ಮೊದಲ ಮಹಾಯುದ್ಧದಲ್ಲಿ ಮೈಮೇಲೆ ಗಾಯವೇ ಇಲ್ಲದ ಸೈನಿಕರು ನಡುಗುತ್ತಾ, ಮಾತು ನಿಂತು, ಕಣ್ಣು ಕಾಣದೆ ಆಸ್ಪತ್ರೆಗೆ ಬಂದರು. ಅದನ್ನು ‘ಶೆಲ್ ಶಾಕ್’ ಅಂದರು. ಈ ಹೆಸರು ವೈದ್ಯಪತ್ರಿಕೆಯಲ್ಲಿ ಬಂದದ್ದು 1915ರಲ್ಲಿ. ನಾವು ಈಗ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಅನ್ನುವುದನ್ನು ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ. ಹೆಸರು ಬದಲಾದರೂ ಒಳಗಿನ ಸಂಗತಿ ಅದೇ. ನಡೆದದ್ದು ಮುಗಿದಿರುತ್ತದೆ, ಆದರೆ ಮನಸ್ಸಿನಲ್ಲಿ ಅದು ಹಳೆಯದಾಗುವುದಿಲ್ಲ. ಮಾಮೂಲಿ ನೆನಪಿಗೆ ಒಂದು ಮೊದಲು, ಒಂದು ಕೊನೆ ಇರುತ್ತದೆ. ಆಘಾತದ ನೆನಪು ಚೂರು ಚೂರಾಗಿ ಬರುತ್ತದೆ. ಒಂದು ವಾಸನೆ, ಒಂದು ಸದ್ದು, ಯಾರದೋ ಕೈ. ‘ಆಮೇಲೆ ಏನಾಯ್ತು’ ಅಂತ ಕೇಳಿದರೆ ಎಷ್ಟೋ ಜನರಿಗೆ ಮಾತೇ ಹೊರಡುವುದಿಲ್ಲ.

ಚಿತ್ರಕ್ಕೆ ಇಲ್ಲಿ ಒಂದು ಅನುಕೂಲ ಇದೆ. ಅದಕ್ಕೆ ‘ಆಮೇಲೆ’ ಬೇಕಾಗಿಲ್ಲ. ಒಂದೇ ಕ್ಷಣ, ಹಿಂದೆ ಮುಂದೆ ಇಲ್ಲದೆ, ಗೋಡೆಯ ಮೇಲೆ ನಿಂತೇ ಇರುತ್ತದೆ. ಹಾಗಂತ ಘಟನೆಯನ್ನು ಬರೆದುಬಿಟ್ಟರೆ ಆಘಾತವನ್ನು ಬರೆದ ಹಾಗಾಯಿತೇ? ಇಲ್ಲ, ಅದು ಅಷ್ಟು ಸುಲಭ ಅಲ್ಲ.

ಪಿಕಾಸೊನ ‘ಗೆರ್ನಿಕಾ’ ತಗೊಳ್ಳಿ. 1937ರ ಏಪ್ರಿಲ್ 26ರಂದು ಸ್ಪೇನಿನ ಆ ಊರಿನ ಮೇಲೆ ಬಾಂಬು ಬಿತ್ತು. ಪಿಕಾಸೊ ಆಗ ಪ್ಯಾರಿಸ್ಸಿನಲ್ಲಿದ್ದ, ಸುದ್ದಿ ತಿಳಿದದ್ದು ಪತ್ರಿಕೆಗಳಿಂದ. ಅದ್ಭುತ ಚಿತ್ರ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನನಗೆ ಅದು ಆಘಾತದ ಚಿತ್ರಕ್ಕಿಂತ ಸಿಟ್ಟಿನ ಚಿತ್ರ, ಪ್ರತಿಭಟನೆಯ ಚಿತ್ರ. ಲೋಕಕ್ಕೆಲ್ಲ ಕೇಳುವ ಹಾಗೆ ಕೂಗುತ್ತದೆ. ಆಘಾತಕ್ಕೆ ಒಳಗಾದ ಮನಸ್ಸು ಹೆಚ್ಚಾಗಿ ಹಾಗೆ ಕೂಗುವುದಿಲ್ಲ.

ಸ್ಪೇನಿನ ಚಿತ್ರಕಾರ ಗೋಯಾನ ಕೆತ್ತನೆಗಳು ಇನ್ನೂ ಹತ್ತಿರ ಬರುತ್ತವೆ. ಸ್ಪೇನಿನಲ್ಲಿ ನೆಪೋಲಿಯನ್ನನ ಸೈನ್ಯ ಇದ್ದ ಕಾಲದಲ್ಲಿ ಶುರು ಮಾಡಿದ ಯುದ್ಧದ ಸರಣಿ ಅದು. ಅವನು ಬದುಕಿರುವಾಗ ಪ್ರಕಟವಾಗಲೇ ಇಲ್ಲ. ಅವನು ಸತ್ತದ್ದು 1828ರಲ್ಲಿ, ಸರಣಿ ಹೊರಬಂದದ್ದು 1863ರಲ್ಲಿ. ಪ್ರತಿ ಚಿತ್ರದ ಕೆಳಗೆ ಒಂದು ಚಿಕ್ಕ ಮಾತು ಇದೆ. ಒಂದರ ಕೆಳಗೆ ‘ನಾನು ಇದನ್ನು ನೋಡಿದೆ’ ಅಂತ. 26ನೆಯದರ ಕೆಳಗೆ ‘ನೋಡಲಾಗದು’ ಅಂತ. ಆ 26ನೆಯ ಚಿತ್ರದಲ್ಲಿ ಜನ ಮಂಡಿಯೂರಿ ಬೇಡುತ್ತಿದ್ದಾರೆ. ಬಲಗಡೆ ಅಂಚಿನಿಂದ ಬಂದೂಕಿನ ಬಾಯಿಗಳು, ಬಯೊನೆಟ್ಟುಗಳು ಮಾತ್ರ ಒಳಗೆ ಚಾಚಿಕೊಂಡಿವೆ. ಸೈನಿಕರು ಒಬ್ಬರೂ ಕಾಣುವುದಿಲ್ಲ. ಕೊಲ್ಲುವವರಿಗೆ ಮುಖ ಇಲ್ಲ, ಲೋಹದ ತುದಿ ಅಷ್ಟೇ. ಬಂದೂಕಿನ ಎದುರು ನಿಂತವರಿಗೆ ಕಾಣುವುದೂ ಅಷ್ಟೇ ಅಲ್ವಾ?

ಈಗ ನಾನು ಸ್ವಲ್ಪ ಹೊತ್ತು ನಿಲ್ಲಬೇಕು ಅಂದುಕೊಂಡಿರುವ ಚಿತ್ರ. ನಾರ್ವೆಯ ಎಡ್ವರ್ಡ್ ಮುಂಕ್ 1885-86ರಲ್ಲಿ ಬರೆದ ‘ಕಾಯಿಲೆಯ ಮಗು’. ಮುಂಕ್ ಅಂದರೆ ಎಲ್ಲರೂ ‘ಚೀತ್ಕಾರ’ ಅನ್ನುತ್ತಾರೆ. ಅದು ಈಗ ಟೀ ಶರ್ಟಿನ ಮೇಲೂ ಇದೆ, ಮೊಬೈಲಿನ ಇಮೋಜಿಯಲ್ಲೂ ಇದೆ, ನೋಡಿ ನೋಡಿ ಕಣ್ಣಿಗೆ ಸವೆದುಹೋಗಿದೆ. ಇದು ಹಾಗಲ್ಲ.

ಮುಂಕ್‌ಗೆ ಐದು ವರ್ಷ ಇದ್ದಾಗ ತಾಯಿ ಕ್ಷಯದಿಂದ ಸತ್ತಳು. 1877ರಲ್ಲಿ ಅಕ್ಕ ಸೋಫಿ, ಅದೇ ಕಾಯಿಲೆ, ಹದಿನೈದು ವರ್ಷ. ಆಗ ಇವನಿಗೆ ಹದಿಮೂರು. ಅದಾದ ಎಂಟು ವರ್ಷದ ಮೇಲೆ ಈ ಚಿತ್ರಕ್ಕೆ ಕೈ ಹಾಕಿದ.

ದೊಡ್ಡ ಬಿಳಿ ದಿಂಬಿಗೆ ಒರಗಿ ಹುಡುಗಿ ಕೂತಿದ್ದಾಳೆ. ಕೆಂಚು ಕೂದಲು ಬೆವರಿಗೆ ಅಂಟಿಕೊಂಡ ಹಾಗೆ ಇದೆ. ಮುಖ ಬಲಕ್ಕೆ ತಿರುಗಿದೆ, ಅಲ್ಲೊಂದು ಕಪ್ಪು ಪರದೆ. ಪಕ್ಕದಲ್ಲಿ ಕೂತ ಹೆಂಗಸು ತಲೆ ಎಷ್ಟು ತಗ್ಗಿಸಿದ್ದಾಳೆ ಅಂದರೆ ಅವಳ ನೆತ್ತಿ ಮಾತ್ರ ಕಾಣುತ್ತದೆ. ಇಬ್ಬರ ಕೈಗಳು ಚಿತ್ರದ ನಟ್ಟನಡುವೆ ಸೇರುತ್ತವೆ. ಚಿತ್ರದ ಜೀವ ಅಲ್ಲೇ ಇರಬೇಕಿತ್ತು. ಹತ್ತಿರ ಹೋಗಿ ನೋಡಿದರೆ ಅಲ್ಲಿ ಕೈಯೇ ಇಲ್ಲ. ಬೆರಳು ಎಣಿಸಲು ಆಗುವುದಿಲ್ಲ. ಬಣ್ಣ ಕಲಸಿಹೋದ ಒಂದು ಮುದ್ದೆ ಅಷ್ಟೇ.

ಇನ್ನೂ ಹತ್ತಿರ ಹೋಗಿ. ಇಡೀ ಚಿತ್ರದ ತುಂಬ ಗೀರುಗಳು. ಮೇಲಿಂದ ಕೆಳಕ್ಕೆ, ಅಡ್ಡಕ್ಕೆ. ಮುಂಕ್ ಬಣ್ಣ ಹಚ್ಚಿದ, ಕೆರೆದ, ಕರಗಿಸಿದ, ಮತ್ತೆ ಹಚ್ಚಿದ, ಮತ್ತೆ ಕೆರೆದ. ಎಷ್ಟೋ ಸಲ ಹೀಗೆ ಮಾಡಿದೆ ಅಂತ ಅವನೇ ಆಮೇಲೆ ಬರೆದುಕೊಂಡಿದ್ದಾನೆ. ಇನ್ನೊಂದು ವಿಷಯವನ್ನೂ ಹೇಳಿದ್ದಾನೆ, ಅದನ್ನು ಓದಿದ ಮೇಲೆ ನಾನು ಈ ಚಿತ್ರವನ್ನು ಮೊದಲಿನ ಹಾಗೆ ನೋಡಲಾಗಲಿಲ್ಲ. ನೋಡುವಾಗ ತನ್ನ ಕಣ್ಣಿನ ರೆಪ್ಪೆಗೂದಲೇ ಅಡ್ಡ ಬರುತ್ತಿತ್ತು, ಅದನ್ನೂ ನೆರಳಿನ ಗೆರೆಯಾಗಿ ಚಿತ್ರದಲ್ಲಿ ಸೇರಿಸಿದೆ ಅನ್ನುತ್ತಾನೆ. ಅಂದರೆ ನಾವು ನೋಡುತ್ತಿರುವುದು ಸಾಯುತ್ತಿರುವ ಹುಡುಗಿಯನ್ನು ಮಾತ್ರ ಅಲ್ಲ. ಅವಳನ್ನು ಅರೆಮುಚ್ಚಿದ ಕಣ್ಣಿನಿಂದ ನೋಡುತ್ತಿರುವ ಹುಡುಗನ ಕಣ್ಣೊಳಗೆ ನಾವಿದ್ದೇವೆ.

1886ರಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ನಕ್ಕರು. ಅರ್ಧಂಬರ್ಧ ಬಿಟ್ಟಿದ್ದಾನೆ, ಇದೆಂಥ ಚಿತ್ರ ಅಂತ ವಿಮರ್ಶಕರು ಹೀಯಾಳಿಸಿದರು. ಅವರ ಮೇಲೆ ನನಗೆ ಕೋಪ ಇಲ್ಲ. ಆ ಕಾಲದಲ್ಲಿ ಸಾವಿನ ಹಾಸಿಗೆಯ ಚಿತ್ರಗಳು ಬೇಕಾದಷ್ಟು ಬರುತ್ತಿದ್ದವು. ಎಲ್ಲವೂ ನುಣುಪು, ದಿಂಬಿನ ಮಡಿಕೆಯವರೆಗೂ ಅಚ್ಚುಕಟ್ಟು. ಗೀರು ಬಿದ್ದ ಕ್ಯಾನ್ವಾಸಿನಲ್ಲಿ ದುಃಖ ಇರಬಹುದು ಅಂತ ಅವರಿಗೆ ಹೊಳೆಯಲಿಲ್ಲ.

ಮುಂಕ್ ಇದೇ ಚಿತ್ರವನ್ನು ಬಣ್ಣದಲ್ಲಿ ಒಟ್ಟು ಆರು ಸಲ ಬರೆದ. ಸುಮಾರು 40 ವರ್ಷಗಳ ಉದ್ದಕ್ಕೆ. ಜೊತೆಗೆ ಕಲ್ಲಚ್ಚಿನಲ್ಲಿ, ತಾಮ್ರದ ಕೆತ್ತನೆಯಲ್ಲಿ ಬೇರೆ. ಆಘಾತ ಮರುಕಳಿಸುತ್ತದೆ, ಅದಕ್ಕೇ ಅವನೂ ಮರಳಿ ಮರಳಿ ಬರೆದ ಅಂತ ಹೇಳಿಬಿಟ್ಟರೆ ಚೆನ್ನಾಗಿ ಕೇಳಿಸುತ್ತದೆ. ಆದರೆ ಪೂರ್ತಿ ನಿಜ ಹೇಳಬೇಕು. ಅವುಗಳಲ್ಲಿ ಕೆಲವನ್ನು ಅವನು ಮಾಡಿದ್ದು ಸಂಗ್ರಾಹಕರು ದುಡ್ಡು ಕೊಟ್ಟು ಕೇಳಿದ್ದಕ್ಕೆ. ಕಲಾವಿದನಿಗೂ ಹೊಟ್ಟೆ ಇರುತ್ತದೆ. ಎರಡೂ ಒಟ್ಟಿಗೆ ನಿಜ ಆಗಿರಬಹುದು. ಆಮೇಲಿನ ಆವೃತ್ತಿಗಳಲ್ಲಿ ಬಣ್ಣ ಹೊಳೆಯುತ್ತದೆ, ಕುಂಚ ಸಲೀಸಾಗಿ ಓಡುತ್ತದೆ. ಹೆಚ್ಚು ಜಗಳ ನಡೆದಿರುವುದು ಮೊದಲನೆಯದರಲ್ಲೇ.

ಮುಗಿಸಲಾಗದೆ ಒದ್ದಾಡಿದ ಇನ್ನೊಬ್ಬರು ಜರ್ಮನಿಯ ಕೇಟೆ ಕೊಲ್ವಿಟ್ಸ್. 1903ರಲ್ಲಿ ಅವರು ‘ಸತ್ತ ಮಗುವಿನ ಜೊತೆ ಹೆಂಗಸು’ ಅನ್ನುವ ಕೆತ್ತನೆ ಮಾಡಿದರು. ಅದಕ್ಕೆ ಕನ್ನಡಿಯ ಮುಂದೆ ಏಳು ವರ್ಷದ ಮಗ ಪೀಟರ್‌ನನ್ನು ತಬ್ಬಿಕೊಂಡು ತಾವೇ ಕೂತರು. ಹನ್ನೊಂದು ವರ್ಷ ಆದ ಮೇಲೆ, 1914ರ ಅಕ್ಟೋಬರಿನಲ್ಲಿ, ಆ ಮಗ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತ. ಹದಿನೆಂಟು ವರ್ಷ. ಅವನಿಗೊಂದು ಸ್ಮಾರಕ ಮಾಡಬೇಕು ಅಂತ ಆಗಲೇ ಅಂದುಕೊಂಡರು. ಮೊದಲು ಮಲಗಿದ ಮಗನನ್ನೂ ಸೇರಿಸಿ ಯೋಜನೆ ಹಾಕಿದ್ದರು. ಮಾಡಿದರು, ಬಿಟ್ಟರು, ಮತ್ತೆ ಶುರು ಮಾಡಿದರು. ಸ್ಮಾರಕ ನಿಂತದ್ದು 1932ರಲ್ಲಿ. ಮಗ ಎಷ್ಟು ವರ್ಷ ಬದುಕಿದ್ದನೋ ಹೆಚ್ಚುಕಡಿಮೆ ಅಷ್ಟೇ ವರ್ಷ ಹಿಡಿಯಿತು.

ಅಷ್ಟು ಹೊತ್ತಿಗೆ ಮಗನ ಆಕೃತಿ ಹೋಗಿತ್ತು. ಉಳಿದವರು ಮಂಡಿಯೂರಿದ ತಂದೆ ತಾಯಿ ಇಬ್ಬರೇ. ಅವರೂ ಒಂದೇ ಕಲ್ಲಿನಲ್ಲಿಲ್ಲ. ಬೇರೆ ಬೇರೆ ಪೀಠ, ನಡುವೆ ಜಾಗ. ತಂದೆ ತನ್ನ ಕೈಗಳನ್ನು ತನ್ನ ಸುತ್ತಲೇ ಬಿಗಿಯಾಗಿ ಕಟ್ಟಿಕೊಂಡಿದ್ದಾನೆ. ತಾಯಿ ಮುಂದಕ್ಕೆ ಬಾಗಿದ್ದಾಳೆ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಟ್ಟಿಲ್ಲ, ನೋಡುತ್ತಲೂ ಇಲ್ಲ. ಒಂದೇ ದುಃಖ ಇಬ್ಬರನ್ನು ಹತ್ತಿರ ತರುತ್ತದೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಮಗು ಕಳಕೊಂಡ ಮನೆಯನ್ನು ನೋಡಿದವರಿಗೆ ಆ ಎರಡು ಪೀಠಗಳ ನಡುವಿನ ಜಾಗ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಲಾವಿದರ ಮಾತಾಯಿತು. ಕುಂಚ ಹಿಡಿದೇ ಗೊತ್ತಿಲ್ಲದವರು ಬರೆದರೆ? 1974ರಲ್ಲಿ ಹಿರೋಶಿಮಾದ ಎನ್‌ಎಚ್‌ಕೆ ಪ್ರಸಾರ ಕೇಂದ್ರಕ್ಕೆ ಒಬ್ಬ ಮುದುಕ ಒಂದು ಚಿತ್ರ ತಂದುಕೊಟ್ಟ. ಅಣುಬಾಂಬು ಬಿದ್ದ ದಿನ ತಾನು ಕಂಡದ್ದು ಇದು ಅಂದ. ಕೇಂದ್ರದವರು ನಿಮ್ಮ ಹತ್ತಿರವೂ ಇದ್ದರೆ ಕಳಿಸಿ ಅಂತ ಕರೆ ಕೊಟ್ಟರು. ಎರಡು ವರ್ಷಗಳಲ್ಲಿ 2,000ಕ್ಕೂ ಹೆಚ್ಚು ಚಿತ್ರ ಬಂದವು. ಬರೆದವರು ಬಹುತೇಕ ವಯಸ್ಸಾದ ಸಾಮಾನ್ಯ ಜನ. ಬಾಂಬು ಬಿದ್ದು ಆಗಲೇ 29 ವರ್ಷ ಆಗಿತ್ತು.

ಈ ಚಿತ್ರಗಳಲ್ಲಿ ಅಳತೆ ಸರಿ ಇರುವುದಿಲ್ಲ. ಮನುಷ್ಯ ಸೇತುವೆಗಿಂತ ದೊಡ್ಡವನಾಗಿ ಕಾಣಬಹುದು. ಆದರೆ ಗಮನಿಸಿ, ಚಿತ್ರದ ಒಳಗೇ ಬರಹ ಇರುತ್ತದೆ. ಯಾವ ಜಾಗ, ಎಷ್ಟು ಹೊತ್ತಿಗೆ, ಇವರು ಯಾರು. ಚಿತ್ರ ಹೇಳಿದ್ದು ಸಾಲದು ಅಂತ ಬರಹ, ಬರಹ ಸಾಲದು ಅಂತ ಚಿತ್ರ. ಇನ್ನೊಂದು, ಒಂದೇ ಸಂಗತಿ ಬೇರೆ ಬೇರೆಯವರ ಚಿತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ. ಸುಟ್ಟ ಮೈಯವರು ನೀರು ಕೇಳುತ್ತಿದ್ದಾರೆ. ನೀರು ಕೊಡಲಾಗಲಿಲ್ಲ, ಕೊಡಬಾರದು ಅಂದಿದ್ದರು, ಹಾಗೇ ದಾಟಿ ಬಂದೆ ಅನ್ನುವ ಮಾತು. ಬಾಂಬಿನ ದೊಡ್ಡ ಮೋಡಕ್ಕಿಂತ ಆ ಒಂದು ಲೋಟ ನೀರು ಅವರ ತಲೆಯಲ್ಲಿ ಕೂತಿದೆ. ಬದುಕಿ ಉಳಿದವರ ತಪ್ಪಿತಸ್ಥ ಭಾವನೆ ಅಂತ ಮನೋವೈದ್ಯರು ಏನನ್ನು ಕರೆಯುತ್ತಾರೋ ಅದು ಇಲ್ಲಿ ಕಾಣುವಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣದು ಅಂತ ನನ್ನ ಅನಿಸಿಕೆ.

ಈಗ ಬಂಗಾಳದ ಕಲಾವಿದ ಸೋಮನಾಥ ಹೋರ್. 1921ರಲ್ಲಿ ಚಿತ್ತಗಾಂಗ್ ಕಡೆ ಹುಟ್ಟಿದವರು. 1943ರ ಬಂಗಾಳದ ಬರ ಬಂದಾಗ ಇಪ್ಪತ್ತರ ಹರೆಯದ ಹುಡುಗ. ಚಿತ್ತಪ್ರಸಾದ್ ಅನ್ನುವ ಕಲಾವಿದರು ಆಗ ಊರೂರು ನಡೆದು ಹಸಿದವರನ್ನು ಬರೆಯುತ್ತಿದ್ದರು. ಅವರ ಒತ್ತಾಸೆಯಿಂದ ಇವರೂ ಬರೆದರು. ಎಲುಬು ಎದ್ದ ಮೈ, ರಸ್ತೆಯಲ್ಲಿ ಬಿದ್ದವರು. ಆ ಚಿತ್ರಗಳು ಕಮ್ಯುನಿಸ್ಟ್ ಪಕ್ಷದ ಪತ್ರಿಕೆಯಲ್ಲಿ ಅಚ್ಚಾದವು. ಅವು ವರದಿಗಳು, ಆಗ ವರದಿಯೇ ಬೇಕಾಗಿತ್ತು.

ಮುಂದೆ 1970ರ ದಶಕದಲ್ಲಿ ಅವರು ‘ಗಾಯಗಳು’ ಅನ್ನುವ ಸರಣಿ ಮಾಡಿದರು. ಇದರಲ್ಲಿ ಮನುಷ್ಯರೇ ಇಲ್ಲ. ಬಣ್ಣವೂ ಹೆಚ್ಚಾಗಿ ಇಲ್ಲ. ಬಿಳಿ ಹಾಳೆ, ಅದರ ಮೇಲೆ ಬಿಳಿಯೇ. ದೂರದಿಂದ ಖಾಲಿ ಹಾಳೆಯನ್ನು ಚೌಕಟ್ಟು ಹಾಕಿ ತೂಗುಹಾಕಿದ್ದಾರೆ ಅನ್ನಿಸುತ್ತದೆ. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತದೆ. ಒಂದು ಸೀಳು. ಅದರ ಅಂಚು ಬಾತುಕೊಂಡಿದೆ. ಪಕ್ಕದಲ್ಲಿ ಸುಟ್ಟು ಬೊಕ್ಕೆ ಎದ್ದ ಹಾಗೆ ಒರಟು. ಕೆಲವು ಹಾಳೆಗಳಲ್ಲಿ ಒಂದಿಷ್ಟೇ ಕೆಂಪು.

ಮಾಡಿದ ಕ್ರಮ ಕೇಳಿ. ಮೊದಲು ಜೇಡಿಮಣ್ಣಿನ ಅಥವಾ ಮೇಣದ ಹಲಗೆ. ಅದನ್ನು ಚಾಕುವಿನಿಂದ ಸೀಳುವುದು, ಚುಚ್ಚುವುದು, ಕಾದ ಸಲಾಕೆಯಿಂದ ಸುಡುವುದು. ಅದರಿಂದ ಸಿಮೆಂಟಿನ ಅಚ್ಚು ತೆಗೆಯುವುದು. ಆ ಅಚ್ಚಿನ ಮೇಲೆ ಒದ್ದೆ ಕಾಗದದ ತಿರುಳನ್ನು ಒತ್ತಿ ಒಣಗಿಸುವುದು. ಹೀಗೆ ಬಂದ ಹಾಳೆ ಗಾಯದ ಚಿತ್ರ ಆಗಿರುವುದಿಲ್ಲ. ಗಾಯದ ಜೊತೆಗೇ ಹುಟ್ಟಿದ ಹಾಳೆ ಅದು. ಶಾಯಿ ಇಲ್ಲ, ಆದ್ದರಿಂದ ಅಳಿಸುವ ಮಾತೇ ಇಲ್ಲ. ಬರ, ಗಲಭೆ, ಆಮೇಲಿನ ಯುದ್ಧ, ಎಲ್ಲ ಸೇರಿ ತಮ್ಮೊಳಗೆ ಇದೊಂದೇ ಆಗಿ ಉಳಿಯಿತು ಅನ್ನುವ ಅರ್ಥದಲ್ಲಿ ಅವರು ಬರೆದಿದ್ದಾರೆ. ಯಾವ ಬರ, ಯಾರ ಚಾಕು ಅನ್ನುವುದು ಇಲ್ಲಿ ಬಿದ್ದುಹೋಗಿದೆ. ವಿವರ ಹೋದರೂ ನೋವು ಹೋಗದಿರುವುದು. ಆಘಾತ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಸರಣಿಯನ್ನು.

ಒಂದು ಆಕ್ಷೇಪ ಬರಬಹುದು. ಇಷ್ಟೆಲ್ಲ ವಿವರಿಸಿದ ಮೇಲಲ್ಲವಾ ಗೊತ್ತಾಗುವುದು, ಹೆಸರು ಹೇಳದಿದ್ದರೆ ಬರೀ ಒರಟು ಕಾಗದ ತಾನೇ ಅಂತ. ಅರ್ಧ ಒಪ್ಪುತ್ತೇನೆ. ಆದರೆ ಓರೆ ಬೆಳಕಿನಲ್ಲಿ ಆ ಹಾಳೆ ನೋಡಿದವರ ಕೈ ತಾನಾಗಿ ಅದನ್ನು ಮುಟ್ಟಲು ಹೋಗುತ್ತದೆ, ಹಾಗೇ ಹಿಂದಕ್ಕೆ ಬರುತ್ತದೆ. ಹೆಸರು ಓದುವ ಮೊದಲೇ.

ಇಲ್ಲಿ ಕಾಲದ ಅಂತರವನ್ನೂ ನೋಡಿ. ಬರಕ್ಕೂ ಈ ಸರಣಿಗೂ ನಡುವೆ ಮೂರು ದಶಕ. ಸ್ಲೊವೇನಿಯಾ ಮೂಲದ ಚಿತ್ರಕಾರ ಝೋರಾನ್ ಮುಶಿಚ್ ಕಥೆಯೂ ಹೀಗೇ. 1944ರಲ್ಲಿ ನಾಜಿಗಳು ಅವನನ್ನು ಡಾಖಾವ್ ಶಿಬಿರಕ್ಕೆ ಕಳಿಸಿದರು. ಸಿಕ್ಕ ಕಾಗದದ ಚೂರುಗಳ ಮೇಲೆ ಕದ್ದುಮುಚ್ಚಿ ಹೆಣಗಳ ರಾಶಿಯನ್ನು ಬರೆದ. ಬಿಡುಗಡೆ ಆದ ಮೇಲೆ ವರ್ಷಗಟ್ಟಲೆ ಬರೆದದ್ದು ಕುದುರೆಗಳನ್ನು, ಬೋಳು ಗುಡ್ಡಗಳನ್ನು. 1970ರ ಹೊತ್ತಿಗೆ ಹೆಣಗಳು ಮತ್ತೆ ಬಂದವು. ಆ ಸರಣಿಗೆ ‘ನಾವೇ ಕೊನೆಯವರಲ್ಲ’ ಅಂತ ಹೆಸರಿಟ್ಟ. ಶಿಬಿರದಲ್ಲಿದ್ದಾಗ, ಇಂಥದ್ದು ಇನ್ನು ನಡೆಯುವುದಿಲ್ಲ, ನಾವೇ ಕೊನೆಯವರು ಅಂತ ಅವರೆಲ್ಲ ನಂಬಿದ್ದರಂತೆ. ಮನಸ್ಸು ತನಗೆ ಬೇಕಾದಷ್ಟು ಸಮಯ ತಗೊಳ್ಳುತ್ತದೆ, ಕಲಾವಿದನನ್ನು ಅವಸರ ಮಾಡಿ ಪ್ರಯೋಜನ ಇಲ್ಲ.

ಇನ್ನು ನೋಡುವವರ ಕಡೆಯ ಸಮಸ್ಯೆ. ಬೇರೆಯವರ ನೋವನ್ನು ಗ್ಯಾಲರಿಯಲ್ಲಿ ನಿಂತು ನೋಡುವುದು ಸರಿಯಾ? ಚಿಲಿಯ ಆಲ್ಫ್ರೆಡೊ ಜಾರ್ 1994ರಲ್ಲಿ ರುವಾಂಡಾಕ್ಕೆ ಹೋಗಿ ನರಮೇಧದ ಸಾವಿರಾರು ಫೋಟೊ ತೆಗೆದ. ಮರುವರ್ಷ ಪ್ರದರ್ಶನ ಮಾಡಿದಾಗ ಆ ಫೋಟೊಗಳನ್ನು ಕಪ್ಪು ಪೆಟ್ಟಿಗೆಗಳೊಳಗೆ ಮುಚ್ಚಿಟ್ಟ. ಪೆಟ್ಟಿಗೆಯ ಮೇಲೆ ಒಳಗೆ ಏನಿದೆ ಅನ್ನುವ ಬರಹ ಮಾತ್ರ. ಅಷ್ಟೂ ಫೋಟೊ ನೋಡಿಯೂ ಲೋಕ ಸುಮ್ಮನಿತ್ತಲ್ಲ, ಇನ್ನು ತೋರಿಸಿ ಏನಾಗಬೇಕು ಅನ್ನುವ ವಾದ. ನನಗೆ ಇದು ಸ್ವಲ್ಪ ಪಾಠ ಹೇಳಿದ ಹಾಗೆ ಅನ್ನಿಸುತ್ತದೆ. ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ಮಾಡಿದ್ದು ಹೆಚ್ಚು ತಟ್ಟುತ್ತದೆ. ಕಾಣೆಯಾದವರ ಬೂಟುಗಳನ್ನು ಅವರ ಮನೆಯವರಿಂದ ತಂದು, ಗೋಡೆಯಲ್ಲಿ ಗೂಡು ಕೊರೆದು ಒಳಗಿಟ್ಟಳು. ಗೂಡಿನ ಬಾಯಿಗೆ ಪ್ರಾಣಿಯ ತೆಳು ಪೊರೆ ಹೊಚ್ಚಿ, ಆಪರೇಷನ್ ದಾರದಿಂದ ಗೋಡೆಗೇ ಹೊಲಿದಳು. ಬೂಟು ಮಸುಕಾಗಿ ಕಾಣುತ್ತದೆ, ಮಸುಕಾಗಿ ಮಾತ್ರ. ಸತ್ತಿದ್ದಾರೋ ಬದುಕಿದ್ದಾರೋ ಗೊತ್ತಿಲ್ಲದೆ ಕಾಯುವವರ ಸ್ಥಿತಿ ಅದು. ಹೊಲಿಗೆ ದೊಡ್ಡದಾಗಿ, ಒಡ್ಡೊಡ್ಡಾಗಿ ಇದೆ. ಸುಂದರವಾಗಿ ಹೊಲಿದಿದ್ದರೆ ಕೆಲಸವೇ ಕೆಡುತ್ತಿತ್ತು.

ಮೆಕ್ಸಿಕೊದ ಚಿತ್ರಕಾರ್ತಿ ಫ್ರೀಡಾ ಕಾಲೊ ಬಗ್ಗೆ ಯಾಕೆ ಹೇಳಲಿಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ. 1925ರ ಬಸ್ ಅಪಘಾತ, 1944ರ ‘ಮುರಿದ ಕಂಬ’, ಎಲ್ಲರಿಗೂ ಗೊತ್ತಿರುವುದೇ. ಒಂದು ಮಾತು ಮಾತ್ರ ಹೇಳುತ್ತೇನೆ. ಆ ಚಿತ್ರದಲ್ಲಿ ಮೈ ಸೀಳಿದೆ, ಮೊಳೆ ಚುಚ್ಚಿವೆ, ಕಣ್ಣೀರೂ ಇದೆ, ಆದರೆ ಮುಖದ ಒಂದು ಗೆರೆಯೂ ಅಲುಗಿಲ್ಲ. ನೋವು ಮೈಯಲ್ಲಿ, ಮುಖ ಬೇರೆಲ್ಲೋ. ಅದನ್ನು ಬಿಟ್ಟು ‘ನೋವು ಇದ್ದದ್ದಕ್ಕೇ ದೊಡ್ಡ ಕಲಾವಿದೆ ಆದಳು’ ಅನ್ನುವ ಮಾತು ನನಗೆ ಸೇರುವುದಿಲ್ಲ. ನೋವು ಕೋಟ್ಯಂತರ ಜನರಿಗೆ ಇದೆ. ಅವಳು ಚಿತ್ರ ಬರೆಯುವುದನ್ನು ಕಲಿತಿದ್ದಳು.

ಮಾತು ಮುಗಿದ ಮೇಲೆ ಸಭೆಯಿಂದ ಒಂದು ಪ್ರಶ್ನೆ ಬಂತು. ಮಕ್ಕಳ ಚಿತ್ರ ನೋಡಿ ಅವರಿಗೆ ಆಘಾತ ಆಗಿದೆಯೋ ಇಲ್ಲವೋ ಹೇಳಬಹುದಾ, ಕಪ್ಪು ಬಣ್ಣ ಜಾಸ್ತಿ ಬಳಸಿದರೆ ಚಿಂತೆ ಮಾಡಬೇಕಾ ಅಂತ. ನನ್ನ ಉತ್ತರ ಇದು. ಬರೀ ಚಿತ್ರ ನೋಡಿ ಹೇಳಲಾಗದು, ಹೇಳುತ್ತೇವೆ ಅನ್ನುವವರನ್ನು ನಂಬಬೇಡಿ. ತೆರೆಜಿನ್ ಅನ್ನುವ ನಾಜಿ ಶಿಬಿರದಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅನ್ನುವ ಕಲಾವಿದೆ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದಳು. 1944ರಲ್ಲಿ ಆಶ್ವಿಟ್ಸ್‌ಗೆ ಸಾಗಿಸಿ ಅವಳನ್ನು ಕೊಂದರು. ಅವಳು ಎರಡು ಸೂಟ್‌ಕೇಸಿನಲ್ಲಿ ಬಿಟ್ಟುಹೋದ ಸುಮಾರು 4,500 ಚಿತ್ರಗಳು ಉಳಿದುಕೊಂಡವು. ಅವುಗಳಲ್ಲಿ ಶಿಬಿರವೂ ಇದೆ, ಆದರೆ ಹೂವು, ಮನೆ, ಚಿಟ್ಟೆಗಳೂ ಬೇಕಾದಷ್ಟಿವೆ. ಅವಳು ‘ನಿನ್ನ ಕಷ್ಟ ಬರಿ’ ಅಂತ ಹೇಳುತ್ತಿರಲಿಲ್ಲ. ಗೆರೆಯ ಲಯ, ಆಕಾರ, ಬಣ್ಣದ ಜೋಡಣೆ, ಹೀಗೆ ಚಿತ್ರಕಲೆಯನ್ನೇ ಕಲಿಸುತ್ತಿದ್ದಳು. ಬರೆದವರ ಹೆಸರು ಹಾಳೆಯ ಮೇಲೆ ಇರಲೇಬೇಕು ಅನ್ನುತ್ತಿದ್ದಳು. ಮಕ್ಕಳು ಬರೆದದ್ದು ಕಚೇರಿಯ ಹಳೇ ಫಾರಂಗಳ ಹಿಂಬದಿಯಲ್ಲಿ, ರದ್ದಿ ಕಾಗದದಲ್ಲಿ, ಸಿಕ್ಕ ಬಣ್ಣದಲ್ಲಿ. ಆದ್ದರಿಂದ ಮಗುವಿನ ಚಿತ್ರ ಕೈಗೆ ಬಂದರೆ ಮೊದಲು ಹಾಳೆ ಎಲ್ಲಿಂದ ಬಂತು, ಯಾವ ಬಣ್ಣ ಸಿಕ್ಕಿತ್ತು, ಯಾರು ಪಕ್ಕದಲ್ಲಿ ಕೂತಿದ್ದರು ಅಂತ ಕೇಳಿ. ಕಪ್ಪು ಬಳಸಿದ್ದು ಡಬ್ಬಿಯಲ್ಲಿ ಕಪ್ಪೊಂದೇ ಉಳಿದಿದ್ದಕ್ಕೂ ಇರಬಹುದು. ಆಮೇಲೆ ಮಗುವನ್ನೇ ಕೇಳಿ.